ಮೂವತ್ತನಾಲ್ಕನೇ ನಂಬರಿನ ಬೇವು

ಮೊದಲೇ ಹೇಳಿಬಿಡುತ್ತೇನೆ: ಮರಗಳ ಮೇಲೆ ಕೆಂಪು ನಂಬರು ಬರೆದವನು ನಾನು. ಆಮೇಲೆ ಅವನ್ನು ಅಳಿಸಿ ಕೆಲಸವನ್ನು ಇನ್ನಷ್ಟು ಕೆಡಿಸಿದವನೂ ನಾನೇ. ಈ ಎರಡರ ನಡುವೆ ಪುರಸಭೆಯ ಮುಖ್ಯಾಧಿಕಾರಿಗಳ ದನಿಯಲ್ಲಿ ಮೈಕಿನಲ್ಲಿ ಕೂಗಿದವರು ಯಾರು ಎಂಬ ಬಗ್ಗೆ ಊರಿನಲ್ಲಿ ಇನ್ನೂ ಎರಡು ಅಭಿಪ್ರಾಯಗಳಿವೆ. ಅವುಗಳಲ್ಲಿ ನನ್ನ ಹೆಸರಿರುವ ಅಭಿಪ್ರಾಯವೇ ಸರಿ.

ಊರಿನ ಹೆಸರು ಬರೆಯುವುದಿಲ್ಲ. ಅಥಣಿಗೂ ಕಾಗವಾಡಕ್ಕೂ ನಡುವೆ ಎಲ್ಲೋ ಇದೆ ಎಂದರೆ ಸಾಕು. ಹೆಸರು ಹಾಕಿದರೆ ಅಲ್ಲಿ ನನಗೆ ಚಹಾ ಹುಟ್ಟುವುದು ಕಷ್ಟ. ನಾನು ಏಕಸಂಬಿಯವನು, ಚಿಕ್ಕೋಡಿಯಲ್ಲಿ ನಕ್ಷೆ ತೆಗೆಯುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ. ಕಂಡವರ ದನಿ ಎತ್ತಿ ಆಡಿ ತೋರಿಸುವುದು ನನ್ನ ಚಟ. ನಮ್ಮ ಮಾಲೀಕರು ಇದನ್ನು ಕಲೆ ಎಂದು ಕರೆದದ್ದು ಒಂದೇ ಸಲ, ಅದೂ ನಾನು ಅವರ ದನಿ ಮಾಡುವುದನ್ನು ಕೇಳುವ ಮೊದಲು.

ಯುರೋಪಿನ ಒಂದು ಚಿಕ್ಕ ಊರಿಗೂ ಈ ಊರಿಗೂ 'ಜೋಡಿ ಊರು' ಎಂದು ಒಪ್ಪಂದವಾಗಿತ್ತು. ಅದರ ನಕ್ಷೆ, ಪಟ್ಟಿಯ ಕೆಲಸವನ್ನು ಪುರಸಭೆ ನಮ್ಮ ಆಫೀಸಿಗೆ ಕೊಟ್ಟಿತ್ತು. ಎರಡನ್ನೂ ಜೋಡಿಸಿದ್ದು ಚರ್ಮ. ಅವರ ಹೊಳೆಯ ದಂಡೆಯಲ್ಲಿ ಒಂದು ಕಾಲಕ್ಕೆ ತೊಗಲು ಹದ ಮಾಡುವ ಕಟ್ಟಡಗಳಿದ್ದವು. ಈಗ ಅದರಲ್ಲೊಂದು ಗ್ರಂಥಾಲಯ, ಇನ್ನೊಂದು ಸಂತೆಯ ಕಟ್ಟಡ, ನಡುವೆ ಸಾಲುಮರ. ನಮ್ಮಲ್ಲಿ ಚಪ್ಪಲಿ ಓಣಿ ಇದೆ. ಕಲ್ಲಿನ ಕಟ್ಟೆ, ಕಟ್ಟಿಗೆಯ ಕಂಬ, ತಗ್ಗು ಬಾಗಿಲಿನ ಹಳೆಯ ಮನೆಗಳು. ಮನೆಗಳ ಮುಂದೆ ಬೇವಿನ ಸಾಲು. ಬೇವಿನ ಬುಡದಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರು. ಹಳೆಯ ಕಟ್ಟಡ ಉಳಿಸುವುದು, ಊರಿಗೊಂದು ಹಸಿರು ಯೋಜನೆ ಮಾಡುವುದು, ಈ ಎರಡರ ಬಗ್ಗೆ ಅವರು ನಮಗೆ ಹೇಳಿಕೊಡಬೇಕು, ನಾವು ಅವರಿಗೆ ಹೇಳಿಕೊಡಬೇಕು. ನಾವು ಅವರಿಗೆ ಹೇಳಿಕೊಡುವುದು ಏನೆಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಅವರ ಕಡೆಯಿಂದ ಇಬ್ಬರು ಬರುವವರಿದ್ದರು. ಒಬ್ಬರು ಹಳೆಯ ಮನೆಗಳ ವಾಸ್ತುಶಿಲ್ಪಿ, ಇನ್ನೊಬ್ಬರು ಮರಗಳ ಅಧಿಕಾರಿ. ಮರ ನೋಡಿಕೊಳ್ಳಲಿಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾನೆ ಎಂದು ಕೇಳಿ ನಮ್ಮ ಪುರಸಭೆಯ ಸಿಪಾಯಿಗೆ ಮೂರು ದಿನ ನಗು ತಡೆಯಲಾಗಲಿಲ್ಲ. ಆ ಮರಗಳ ಅಧಿಕಾರಿ ವಿಡಿಯೋ ಕರೆಯಲ್ಲಿ ಒಂದು ವಾಕ್ಯ ಹೇಳಿ, ಕಾಫಿಯ ಗುಟುಕು ನುಂಗಿ, ಆಮೇಲೆ ಅದಕ್ಕೆ ಕ್ರಿಯಾಪದ ಸೇರಿಸುತ್ತಿದ್ದ. ಅದನ್ನು ನಾನು ಎರಡೇ ದಿನದಲ್ಲಿ ಕಲಿತೆ. ಮೂರನೆಯ ಕರೆಯಲ್ಲಿ ಇಂಟರ್‌ನೆಟ್ ಹೋಯಿತೆಂದು ತಿಳಿದು ನಾನು ಅವನ ದನಿಯಲ್ಲಿ ಸಿಪಾಯಿಗೆ ಚಹಾ ತರಲು ಹೇಳಿದೆ. ಇಂಟರ್‌ನೆಟ್ ಹೋಗಿರಲಿಲ್ಲ. ಅವನು ಅಲ್ಲಿಂದ, ಚೆನ್ನಾಗಿದೆ, ಆದರೆ ನಾನು ಇನ್ನೂ ಸ್ವಲ್ಪ ನಿಧಾನ, ಎಂದ.

ಅವರು ಬರುವ ಮೊದಲು ನಾವು ಎರಡು ಪಟ್ಟಿ ಮಾಡಿಡಬೇಕಿತ್ತು: ಹಳೆಯ ಮನೆಗಳದ್ದು ಒಂದು, ಮರಗಳದ್ದು ಒಂದು. ಮನೆಗಳ ಪಟ್ಟಿ ಸಲೀಸಾಗಿ ಮುಗಿಯಿತು. ಮರದ ಪಟ್ಟಿಗೆ ಅವರು ಕಳಿಸಿದ ಕ್ರಮ ಹೀಗಿತ್ತು. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಬೊಡ್ಡೆಗೆ ಟೇಪು ಸುತ್ತಿ ಅಳತೆ ಹಿಡಿಯಬೇಕು. ಕೊಂಬೆಗಳ ಹರವನ್ನು ಉತ್ತರ ದಕ್ಷಿಣ ಒಮ್ಮೆ, ಪೂರ್ವ ಪಶ್ಚಿಮ ಒಮ್ಮೆ ಅಳೆಯಬೇಕು. ಜಾತಿ, ಆರೋಗ್ಯ, ಪೊಳ್ಳು, ಮುರಿದ ಕೊಂಬೆ, ಮೇಲೆ ಹಾಯುವ ಕರೆಂಟಿನ ತಂತಿ, ಎಲ್ಲ ಬರೆಯಬೇಕು. ಮೊಬೈಲಿನಲ್ಲಿ ಸ್ಥಳದ ಗುರುತು ಹಾಕಬೇಕು. ಕೊನೆಗೆ ಮರಕ್ಕೊಂದು ನಂಬರು. ಅವರಲ್ಲಿ ನಂಬರನ್ನು ಬೆರಳಗಲದ ಅಲ್ಯುಮಿನಿಯಂ ಬಿಲ್ಲೆಯ ಮೇಲೆ ಒತ್ತಿ, ಮರ ಬೆಳೆದಂತೆ ಮುಂದೆ ಸರಿಯುವ ಮೊಳೆಗೆ ತೂಗುಹಾಕುತ್ತಾರೆ. ಆ ಬಿಲ್ಲೆ ನಮ್ಮ ಕಡೆ ಸಿಗಲಿಲ್ಲ. ತರಿಸಲು ಮುಖ್ಯಾಧಿಕಾರಿಗಳ ಸಹಿ ಬೇಕು, ಸಹಿಗೆ ಟಿಪ್ಪಣಿ ಬೇಕು, ಟಿಪ್ಪಣಿಗೆ ಗುಮಾಸ್ತರು ರಜೆಯಿಂದ ಬರಬೇಕು.

ಆಗ ನನ್ನ ಬುದ್ಧಿ ಓಡಿತು. ರಸ್ತೆ ಕೆಲಸದ ಗುತ್ತಿಗೆದಾರನೊಬ್ಬನ ಹತ್ತಿರ ಒಂದರಿಂದ ಒಂಬತ್ತು, ಸೊನ್ನೆ ಕೊರೆದ ತಗಡಿನ ಅಚ್ಚು ಇತ್ತು. ಅದನ್ನೂ ಒಂದು ಡಬ್ಬಿ ಕೆಂಪು ಬಣ್ಣವನ್ನೂ ಕಡ ತಂದೆ. ಬಿಳಿ ಪಟ್ಟಿ ಬಳಿದು, ಅದರ ಮೇಲೆ ಅಚ್ಚಿಟ್ಟು, ಕೆಂಪಿನಲ್ಲಿ ನಂಬರು ಹೊಡೆದೆ. ಚಪ್ಪಲಿ ಓಣಿಗೆ ಬಂದದ್ದು ಇಪ್ಪತ್ತೆಂಟರಿಂದ ನಲವತ್ತೈದು, ಒಟ್ಟು ಹದಿನೆಂಟು ಬೇವು. ಸಂಜೆಯೊಳಗೆ ಮುಗಿಸಿ, ದೂರ ನಿಂತು ನೋಡಿ, ಫೋಟೋ ತೆಗೆದು ಮರಗಳ ಅಧಿಕಾರಿಗೆ ಕಳಿಸಿದೆ. ತುಂಬ ಸ್ಪಷ್ಟವಾಗಿದೆ ಎಂದು ಉತ್ತರ ಬಂತು. ಓಣಿಯವರಿಗೂ ಸ್ಪಷ್ಟವಾಗಿತ್ತು.

ಮರುದಿನ ಬೆಳಿಗ್ಗೆ ಹೋದಾಗ ಮೂವತ್ತೊಂದರ ಮೇಲೆ ಒಬ್ಬ ಕೊಡಲಿ ಹಿಡಿದು ಕುಳಿತಿದ್ದ. ಇಪ್ಪತ್ತೊಂಬತ್ತು, ಮೂವತ್ತು ಆಗಲೇ ಬೋಳಾಗಿದ್ದವು. ಕೆಳಗೆ ಅವನ ಮನೆಯವರು ಕೊಂಬೆ ಸವರಿ ಕಟ್ಟಿಗೆ ಹೊರೆ ಕಟ್ಟುತ್ತಿದ್ದರು. ಇವನು ಆ ಓಣಿಯವನೇ, ಚಪ್ಪಲಿಯ ತಳ ಕತ್ತರಿಸುವವನು. ಓಣಿಯ ಹಿರಿಯ ಕೆಲಸಗಾರ್ತಿಯೊಬ್ಬರ ಮೈದುನನ ಮಗ. ಇಳಿ ಎಂದೆ. ಯಾಕೆ ಎಂದ. ಇದು ಉಳಿಸುವ ಮರ ಎಂದೆ. ಅವನು ಕೊಡಲಿಯನ್ನು ಕೊಂಬೆಗೆ ಕಚ್ಚಿಸಿದ.

"ನಂಬರ ಬಿದ್ದ ಮರ ಉಳದದ್ದ ಎಲ್ಲ್ಯರ ನೋಡೀರೇನ್ರಿ?" ಎಂದ. "ಹೆಂಗೂ ಹೋಗೂದೈತಿ. ಕಂತ್ರಾಟದಾರ ಬಂದ ಮ್ಯಾಲ ನಮಗ ಒಂದ ಕಡ್ಡೀನೂ ಬಿಡೂದಿಲ್ಲ."

ನನಗೆ ಆಗ ತಿಳಿಯಿತು. ರಸ್ತೆ ಅಗಲ ಮಾಡುವಾಗ ಕಡಿಯಬೇಕಾದ ಮರಗಳಿಗೆ ಇದೇ ಬಿಳಿ ಪಟ್ಟಿ, ಇದೇ ಕೆಂಪು, ಇದೇ ಅಚ್ಚು. ನಂಬರು ಬಿದ್ದಮೇಲೆ ಹರಾಜು, ಹರಾಜಾದ ಮೇಲೆ ಗರಗಸ. ಈ ಸೀಮೆಯಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಇದು ಗೊತ್ತು. ನನಗೂ ಗೊತ್ತಿತ್ತು, ಆದರೆ ನನ್ನ ತಲೆ ಆ ವಾರ ಯುರೋಪಿನಲ್ಲಿತ್ತು.

ಮುಖ್ಯಾಧಿಕಾರಿಗಳು ವಿಷಯ ಕೇಳಿ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವವರಲ್ಲ, ಕನ್ನಡಕ ತೆಗೆದು ಒರೆಸುವವರು. ಒರೆಸಿದರು. ಪಾಹುಣೇರು, ಅಂದರೆ ಆ ಇಬ್ಬರು ಅತಿಥಿಗಳು, ಬರಲು ಒಂಬತ್ತು ದಿನ ಇದೆ, ಅಷ್ಟರೊಳಗೆ ಓಣಿಯಲ್ಲಿ ಮರ ಉಳಿಯದಿದ್ದರೆ ಹಸಿರು ಯೋಜನೆಯಲ್ಲಿ ನಿನ್ನನ್ನೇ ನೆಟ್ಟು ನೀರು ಹಾಕುತ್ತೇನೆ ಎಂದರು. ಇದು ತಮಾಷೆಯೋ ಆದೇಶವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೊದಲ ಉಪಾಯ ಡಂಗುರ. ಮೈಕು ಕಟ್ಟಿದ ಆಟೋದಲ್ಲಿ ಕುಳಿತು ಓಣಿ ಸುತ್ತಿದೆ. ನನ್ನ ದನಿಗೆ ತೂಕವಿಲ್ಲ ಎನಿಸಿ, ಎರಡನೇ ಸುತ್ತಿನಲ್ಲಿ ಮುಖ್ಯಾಧಿಕಾರಿಗಳ ದನಿ ಹಿಡಿದೆ. ಅವರದು ಗಂಟಲಿನಲ್ಲಿ ಮರಳು ಸುರಿದಂಥ ದನಿ, ಪ್ರತಿ ವಾಕ್ಯದ ಕೊನೆಗೆ 'ತಿಳೀತಾ' ಎಂದು ಕೇಳುತ್ತಾರೆ. ಯಾವ ಮರವನ್ನೂ ಕಡಿಯುವುದಿಲ್ಲ, ತಿಳೀತಾ. ಯಾರೂ ಗಾಬರಿಯಾಗಬಾರದು, ತಿಳೀತಾ. ಪರಿಣಾಮ ಕೂಡಲೇ ಕಂಡಿತು. ಸ್ವತಃ ಸಾಹೇಬರೇ ಬಂದು ಕಡಿಯುವುದಿಲ್ಲ ಎಂದು ಕೂಗುತ್ತಿದ್ದಾರೆಂದರೆ ಕಡಿಯುವುದು ನಾಳೆಯೇ ಇರಬೇಕು ಎಂದು ಓಣಿ ಲೆಕ್ಕ ಹಾಕಿತು. ಮಧ್ಯಾಹ್ನದೊಳಗೆ ಇನ್ನೂ ಎರಡು ಮರ ಬೋಳಾದವು.

ಎರಡನೆಯ ಉಪಾಯ ಅಳಿಸುವುದು. ಸೀಮೆಎಣ್ಣೆ ಸಿಗಲಿಲ್ಲ, ಥಿನ್ನರ್ ಸಿಕ್ಕಿತು. ಚಿಂದಿ ಅದ್ದಿ ತಿಕ್ಕಿದರೆ ಬೇವಿನ ತೊಗಟೆಯ ಸಂದುಗಳಲ್ಲಿ ಕೆಂಪು ಇನ್ನೂ ಒಳಗೆ ಇಳಿಯುತ್ತಿತ್ತು. ಕಷ್ಟಪಟ್ಟು ನಾಲ್ಕು ನಂಬರು ಅಳಿಸಿದೆ. ಸಂಜೆಗೆ ಸುದ್ದಿ: ಯಾರದೋ ಕೈ ಬಿಸಿ ಮಾಡಿ ಆ ನಾಲ್ಕು ಮನೆಯವರು ತಮ್ಮ ಮರ ಬಿಡಿಸಿಕೊಂಡಿದ್ದಾರೆ. ಆ ನಾಲ್ಕು ಮನೆಯವರು ನನ್ನ ಹತ್ತಿರ ಬಂದು, ನಾವು ಏನೂ ಕೊಟ್ಟಿಲ್ಲ ಎಂದು ಬರೆದುಕೊಡು ಎಂದು ಕುಳಿತರು. ಉಳಿದ ಮನೆಯವರು, ಅವರು ಎಷ್ಟು ಕೊಟ್ಟರು ಹೇಳು ಎಂದು ನಿಂತರು. ನಾನು ಥಿನ್ನರಿನ ವಾಸನೆಗೆ ತಲೆ ತಿರುಗುತ್ತಿದೆ ಎಂದು ಹೇಳಿ ಚಿಕ್ಕೋಡಿ ಬಸ್ಸು ಹತ್ತಿದೆ. ಅದು ಸುಳ್ಳಲ್ಲ.

ಇಷ್ಟೆಲ್ಲ ಆದರೂ ಮೂವತ್ತನಾಲ್ಕನೇ ನಂಬರಿನ ಬೇವಿಗೆ ಒಂದು ಏಟೂ ಬಿದ್ದಿರಲಿಲ್ಲ. ಓಣಿಯ ಅತಿ ದೊಡ್ಡ ಮರ ಅದು. ಅದರ ಬುಡದಲ್ಲಿ ಕೂರುತ್ತಿದ್ದವರು ನಾನು ಮೇಲೆ ಹೇಳಿದ ಆ ಹಿರಿಯ ಕೆಲಸಗಾರ್ತಿ. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರ ಜೊತೆ ಇನ್ನೂ ನಾಲ್ಕು ಮನೆಯ ಹೆಂಗಸರು. ಇವರ ಕೆಲಸ ವೇಣಿ ಹೆಣೆಯುವುದು. ಚಪ್ಪಲಿಯ ಮೇಲೆ ಪಾದಕ್ಕೆ ಅಡ್ಡ ಬರುವ ಜಡೆಯಂಥ ಪಟ್ಟಿ ಅದು. ಜಾಲಿ ತೊಗಟೆಯಲ್ಲಿ ಹದ ಮಾಡಿದ ತೊಗಲನ್ನು ದಾರದಷ್ಟು ಸಣ್ಣಗೆ ಸೀಳಿ, ಒದ್ದೆ ಇರುವಾಗಲೇ ಹೆಣೆಯಬೇಕು. ಬಿಸಿಲು ತಾಗಿದರೆ ಎಳೆ ಸೆಟೆದು ಮುರಿಯುತ್ತದೆ. ಮನೆಯೊಳಗೆ ಕೂತರೆ ಎಳೆ ಕಾಣುವುದಿಲ್ಲ, ಗಾಳಿಯೂ ಆಡುವುದಿಲ್ಲ. ಬೆಳಕು ಬೇಕು, ಬಿಸಿಲು ಬೇಡ. ಆ ಮರ ಬೋಳಾದರೆ ಐದು ಮನೆಯ ಕೆಲಸ ಮುಂಜಾನೆಯ ಎರಡು ತಾಸಿಗೆ ಇಳಿಯುತ್ತದೆ. ಇದು ನನ್ನ ಪಟ್ಟಿಯ ಯಾವ ಕಾಲಮಿನಲ್ಲೂ ಇರಲಿಲ್ಲ.

ಕಾಕು ಕೆಳಗೆ ಕುಳಿತಿರುವವರೆಗೆ ಯಾರೂ ಆ ಮರ ಹತ್ತುವಂತಿರಲಿಲ್ಲ. ಆದರೆ ಅಮಾವಾಸ್ಯೆಯ ದಿನ ಓಣಿಯಲ್ಲಿ ಯಾರೂ ಕೆಲಸಕ್ಕೆ ಕೂರುವುದಿಲ್ಲ, ಉಳಿ ಸುತ್ತಿಗೆಯಂಥ ಹತ್ಯಾರ ಮುಟ್ಟುವುದಿಲ್ಲ. ಅವತ್ತು ಮರದ ಬುಡ ಖಾಲಿ. ಕಟ್ಟಿಗೆಗೆ ಕೊಡಲಿ ಹಿಡಿಯುವುದು ಹತ್ಯಾರದ ಲೆಕ್ಕಕ್ಕೆ ಬರುವುದಿಲ್ಲ ಎಂದು ಮೈದುನನ ಮಗ ತಾನೇ ತೀರ್ಪು ಕೊಟ್ಟುಕೊಂಡು, ಅವತ್ತಿಗೆ ಹಗ್ಗ ಹೊಂದಿಸಿದ್ದ. ಅಮಾವಾಸ್ಯೆಗೆ ಮೂರು ದಿನ ಇತ್ತು.

ನಾನು ಹೋಗಿ ಕಾಕು ಮುಂದೆ ಕುಳಿತೆ. ಹಿಂದಿನ ವಾರ ಚಹಾದಂಗಡಿಯಲ್ಲಿ ನಾನು ಅವರ ದನಿ ಮಾಡಿ ಜನರನ್ನು ನಗಿಸಿದ್ದೆ. ಅವರಿಗೆ ಅದು ಮುಟ್ಟಿತ್ತು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಕಾಕು ಹೆಣೆಯುವುದನ್ನು ನಿಲ್ಲಿಸದೆ ಕೇಳಿದರು:

"ಈಗ ಯಾರ ದನೀಲೆ ಮಾತಾಡಾಕತ್ತೀ?"

"ನಂದ ಐತ್ರಿ ಕಾಕೂ."

"ಹಂಗಾರ ಭಾಳ ಸಣ್ಣದೈತಿ ಬಿಡು."

ಪಕ್ಕದ ಹೆಂಗಸರು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಂಬರು ಯಾಕೆ ಬರೆದೆ ಎಂದು ಕಾಕು ಕೇಳಿದರು. ಪಟ್ಟಿ ತೆಗೆದು ಓದಿದೆ: ಸುತ್ತಳತೆ ಇಷ್ಟು, ಹರವು ಇಷ್ಟು, ಆರೋಗ್ಯ ಉತ್ತಮ, ಮಾಲೀಕತ್ವ ಪುರಸಭೆ. ಅವರು ಪೂರ್ತಿ ಕೇಳಿದರು.

"ಮರ ಬರದೀ. ಬುಡಕ ಕುಂತಾವ್ರನ್ನ ಬರದಿಲ್ಲ," ಎಂದರು. "ಯಾರದೂ ಅಲ್ಲದ್ದ ಅಂದ್ರ ಯಾರರ ಕಡಿತಾರ."

ಅಷ್ಟು ಹೇಳಿ, ಹೆಣೆದು ಮುಗಿದ ಚಪ್ಪಲಿ ಜೋಡನ್ನು ಕಲ್ಲಿನ ಮೇಲಿಟ್ಟು, ಹಿಮ್ಮಡಿಯ ಜಾಗದಲ್ಲಿ ಒಂದು ಉಕ್ಕಿನ ಮೊಳೆ ನಿಲ್ಲಿಸಿ ಸುತ್ತಿಗೆಯಿಂದ ಹೊಡೆದರು. ಮೂರು ಚುಕ್ಕೆ, ಅದರ ಮೇಲೆ ಒಂದು ಅರ್ಧ ವೃತ್ತ. ಅದು ಅವರ ಮನೆಯ ಠಸ್ಸೆ. ಪ್ರತಿ ಮನೆಗೂ ಒಂದೊಂದು ಇದೆ. ವ್ಯಾಪಾರಿಯ ಹತ್ತಿರ ನೂರು ಜೋಡು ಬೆರೆತುಹೋದರೂ ಯಾವುದು ಯಾರದು ಎಂದು ಓಣಿಯವರು ಹೆಬ್ಬೆರಳಿನಿಂದ ಮುಟ್ಟಿ ಹೇಳುತ್ತಾರೆ. ಒಬ್ಬರ ಠಸ್ಸೆ ಇರುವ ಮಾಲನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಇದಕ್ಕೆ ಯಾವ ಕಾನೂನೂ ಇಲ್ಲ, ಆದ್ದರಿಂದ ಮುರಿದವರೂ ಇಲ್ಲ.

ಇಂಥ ಕಡೆ 'ತಟ್ಟನೆ ಹೊಳೆಯಿತು' ಎಂದು ಬರೆಯುವುದು ರೂಢಿ. ನನಗೆ ಹೊಳೆಯಲಿಲ್ಲ. ಕೆಳಗೆ ಬಿದ್ದಿದ್ದ, ಕತ್ತರಿಸಿ ಉಳಿದ ತೊಗಲಿನ ಚೂರು ಎತ್ತಿಕೊಂಡು, ಇದರ ಮೇಲೆ ನಂಬರು ಹೊಡೆಯಬಹುದೇ ಎಂದು ಮೂರ್ಖನಂತೆ ಕೇಳಿದೆ ಅಷ್ಟೇ. ಕಾಕು ಅದನ್ನು ನನ್ನ ಕೈಯಿಂದ ಕಸಿದುಕೊಂಡು, ಅದು ಹೊಟ್ಟೆಯ ತೊಗಲು, ಮಳೆಗೆ ಹಿಗ್ಗುತ್ತದೆ ಎಂದು ಬದಿಗೆ ಎಸೆದು, ಬೆನ್ನಿನ ತೊಗಲಿನ ಗಟ್ಟಿ ತುಂಡು ಹುಡುಕಿದರು. ಅಂಗೈ ಅಗಲ ಕತ್ತರಿಸಿದರು. ನಾನು ಮೂವತ್ತನಾಲ್ಕು ಎಂದು ಪೆನ್ನಿನಿಂದ ಬರೆದುಕೊಟ್ಟೆ. ಅದರ ಮೇಲೆ ಅವರು ಚುಕ್ಕೆ ಚುಕ್ಕೆಯಾಗಿ ಮೊಳೆ ಹೊಡೆದರು. ಕೆಳಗೆ ತಮ್ಮ ಠಸ್ಸೆ. ಆಮೇಲೆ ತುಂಡನ್ನು ಪಕ್ಕದವರಿಗೆ ದಾಟಿಸಿದರು. ಐದು ಮನೆಯ ಠಸ್ಸೆ ಬಿದ್ದು ಅದು ನನ್ನ ಕೈಗೆ ಬಂತು. ಪಟ್ಟಿಯಲ್ಲಿ ಒಂದು ಹೊಸ ಕಾಲಮು ಎಳೆದು, 'ನೆರಳಿನಲ್ಲಿ ಕೂರುವವರು' ಎಂದು ಮೇಲೆ ಬರೆದೆ.

ಮುಖ್ಯಾಧಿಕಾರಿಗಳು ಕನ್ನಡಕ ಒರೆಸಿದರು. ಕಾಲಮು ನಮೂನೆಯಲ್ಲಿಲ್ಲ, ಜೋಡಿ ಊರಿನವರು ಒಪ್ಪಿದರೆ ನೋಡೋಣ ಎಂದರು. ನಾನು ಮರಗಳ ಅಧಿಕಾರಿಗೆ ನಡೆದದ್ದನ್ನೆಲ್ಲ ಬರೆದೆ. ಕೆಂಪು ನಂಬರಿನ ಕತೆಯನ್ನೂ ಮುಚ್ಚಿಡಲಿಲ್ಲ. ಅವನ ಉತ್ತರ ಅವನ ಮಾತಿನಷ್ಟು ನಿಧಾನವಾಗಿರಲಿಲ್ಲ. ತಮ್ಮ ನಮೂನೆಯಲ್ಲಿ ಮರದ ಬಗ್ಗೆ ಇಷ್ಟೊಂದು ಕಾಲಮುಗಳಿದ್ದು ಮನುಷ್ಯರಿಗೆ ಒಂದೂ ಇಲ್ಲ ಎಂಬುದು ಈವರೆಗೆ ತನಗೆ ಕಂಡಿರಲಿಲ್ಲ, ಕಾಲಮು ಇರಲಿ, ಬಿಲ್ಲೆಯ ಫೋಟೋ ಕಳಿಸು ಎಂದು ಬರೆದಿದ್ದ.

ಎರಡು ದಿನ ಓಣಿಯ ಮನೆಮನೆಗೆ ಹೋಗಿ ಹದಿನೆಂಟು ಬಿಲ್ಲೆ ಮಾಡಿಸಿದೆವು. ಬೋಳಾದ ಮರಗಳಿಗೂ ಕಟ್ಟಿದೆವು; ಬೇವು ಚಿಗುರುತ್ತದೆ. ಮೊದಲ ಸಂಜೆಯೇ ಆಡೊಂದು ಮೂವತ್ತೇಳು ಮತ್ತು ಮೂವತ್ತೆಂಟನ್ನು ತಿಂದುಹಾಕಿತು. ಅಲ್ಯುಮಿನಿಯಂನಲ್ಲಿ ಇಲ್ಲದ ತೊಂದರೆ ಇದು. ಬಿಲ್ಲೆಯನ್ನು ಏಳು ಅಡಿ ಎತ್ತರಕ್ಕೆ ಏರಿಸಿದೆವು. ಮೊಳೆ ಹೊಡೆಯಲಿಲ್ಲ, ಮರ ದಪ್ಪವಾದಂತೆ ಸಡಿಲಿಸಲು ಬರುವ ಹಾಗೆ ತೊಗಲಿನ ದಾರದಿಂದಲೇ ಜಾರುಗಂಟು ಹಾಕಿದರು.

ಅಮಾವಾಸ್ಯೆಯ ಬೆಳಿಗ್ಗೆ ಮೈದುನನ ಮಗ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ. ನಾನು ಎದುರಿನ ಕಟ್ಟೆಯ ಮೇಲೆ, ತಡೆಯಲು ಬಂದವನಂತೆ ಕಾಣದ ಹಾಗೆ ಕುಳಿತಿದ್ದೆ. ಅವನು ಬಿಲ್ಲೆಯನ್ನು ಕಂಡ, ಕಾಲ್ಬೆರಳ ಮೇಲೆ ನಿಂತು ಕೈ ಎತ್ತಿ, ಹೆಬ್ಬೆರಳಿನಿಂದ ಒಂದೊಂದೇ ಠಸ್ಸೆ ಮುಟ್ಟಿದ. ಐದು ಮನೆಗೆ ಉತ್ತರ ಕೊಡಬೇಕಾಗಿತ್ತು. ಕೊಡಲಿಯನ್ನು ನೆಲಕ್ಕೂರಿ, ನನ್ನ ಕಡೆ ತಿರುಗಿ, ಮೂವತ್ತೊಂದರ ಬಿಲ್ಲೆಯ ಮೇಲೆ ನಮ್ಮ ಮನೆಯದು ಯಾಕೆ ಬಿಟ್ಟಿದ್ದೀರಿ ಎಂದು ಜಗಳ ತೆಗೆದ. ಮೂವತ್ತೊಂದನ್ನು ಬೋಳಿಸಿದವನು ಇವನೇ. ನಾನು ವಾದ ಮಾಡಲಿಲ್ಲ. ಅಮಾವಾಸ್ಯೆ ಕಳೆದ ಮರುದಿನ ಬಂದು ಠಸ್ಸೆ ಹೊಡೆಸಿಕೊಂಡು ಹೋದ.

ಪಾಹುಣೇರು ಬಂದರು. ವಾಸ್ತುಶಿಲ್ಪಿ ಎರಡು ದಿನ ಕಟ್ಟಿಗೆಯ ಕಂಬಗಳ ಚಿತ್ರ ಬರೆದುಕೊಂಡರು. ಮರಗಳ ಅಧಿಕಾರಿ ಕಾಕು ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಯಾವ ತಿಂಗಳು ನೆರಳು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆಸಿಕೊಂಡು, ಆ ಗೆರೆಗಳಿಗೆಲ್ಲ ಟೇಪು ಹಿಡಿದ. ನಾನು ಇಬ್ಬರ ಮಾತನ್ನೂ ಅತ್ತ ಇತ್ತ ದಾಟಿಸುತ್ತಿದ್ದೆ.

ಮೂರನೆಯ ದಿನ ಮುಕ್ತಾಯದ ಸಭೆಯನ್ನು ಓಣಿಯಲ್ಲೇ, ಮಧ್ಯಾಹ್ನ ಇಟ್ಟಿದ್ದರು. ಮುಖ್ಯಾಧಿಕಾರಿಗಳ ಗಾಡಿ ಬಂತು. ಚಾಲಕ ಎರಡು ಸಲ ಹಿಂದೆ ಮುಂದೆ ಮಾಡಿ, ಮುಂಗಡೆಯಿಂದ ಹಿಂಗಡೆಯವರೆಗೂ ಬೇವಿನ ನೆರಳು ಬೀಳುವ ಹಾಗೆ ನಿಲ್ಲಿಸಿದ. ಕಾಕು ತಮ್ಮ ಕಲ್ಲನ್ನು ಒಂದು ಮೊಳ ಸರಿಸಿಕೊಂಡು ಜಾಗ ಕೊಟ್ಟರು.

ಸಾಹೇಬರು ಯೋಜನೆಯ ನಕ್ಷೆ ಬಿಡಿಸಿದರು. ಓಣಿಗೆ ಕಲ್ಲಿನ ಹಾಸು, ಹಳೆಯ ಮನೆಗಳಿಗೆ ಫಲಕ, ನೋಡಲು ಬರುವವರ ಗಾಡಿ ನಿಲ್ಲಲು ಜಾಗ. ಆ ಜಾಗ ಮೂವತ್ತಮೂರರಿಂದ ಮೂವತ್ತೈದರವರೆಗಿನ ಮರಗಳ ಮೇಲೆ ಬಂದಿತ್ತು. ಅಷ್ಟು ಮರ ಮಾತ್ರ ತೆಗೆಯಬೇಕಾಗುತ್ತದೆ, ಬದಲಿಗೆ ಕೆಲಸಗಾರರಿಗೆ ಓಣಿಯ ಕೊನೆಯಲ್ಲಿ ತಗಡಿನ ಶೆಡ್ಡು ಕಟ್ಟಿಸಿಕೊಡುತ್ತೇವೆ, ಫ್ಯಾನೂ ಇರುತ್ತದೆ, ತಿಳೀತಾ, ಎಂದರು. ಆ ಶೆಡ್ಡನ್ನು ನಕ್ಷೆಯಲ್ಲಿ ಬರೆದವನು ನಾನು, ಒಂದು ತಿಂಗಳ ಹಿಂದೆ, ಓಣಿ ನೋಡುವ ಮೊದಲು. ಅಳಿಸುವುದು ಮರೆತಿತ್ತು. ಅಳಿಸುವ ಕೆಲಸದ ಮೇಲೆ ಆಗಲೇ ನನಗೆ ನಂಬಿಕೆ ಹೋಗಿತ್ತು ಕೂಡ.

ಪಾಹುಣೇರು ನನ್ನ ಮುಖ ನೋಡಿದರು. ಓಣಿಯವರು ಕಾಕು ಮುಖ ನೋಡಿದರು. ಸಾಹೇಬರು, ಏನಾದರೂ ಹೇಳುವುದಿದ್ದರೆ ಹೇಳಮ್ಮಾ ಎಂದರು. ಕಾಕು ಕೈಯಲ್ಲಿದ್ದ ಎಳೆಯನ್ನು ಒಂದು ಸುತ್ತು ಬಿಗಿದು, ತಲೆ ಎತ್ತಿ ಒಂದೇ ಮಾತು ಹೇಳಿದರು. ಅದನ್ನು ನಾನು ಯಾರ ದನಿಯನ್ನೂ ಮಾಡದೆ ಇಂಗ್ಲಿಷಿಗೆ ದಾಟಿಸಿದೆ. ಮರಗಳ ಅಧಿಕಾರಿ ಗಾಡಿಯ ಕಡೆ ತಿರುಗಿ ನೋಡಿದ, ಆಮೇಲೆ ಎಲ್ಲರೂ ನೋಡಿದರು, ಕೊನೆಗೆ ಸಾಹೇಬರೂ ನೋಡಿ ನಕ್ಷೆ ಮಡಚಿದರು. ಮುಂದಿನ ಕರಡಿನಲ್ಲಿ ಗಾಡಿ ನಿಲ್ಲುವ ಜಾಗ ಸಂತೆ ಮೈದಾನಕ್ಕೆ ಹೋಗಿತ್ತು, ಶೆಡ್ಡು ಇರಲಿಲ್ಲ. ಕಾಕು ಹೇಳಿದ್ದು ಇಷ್ಟೇ:

"ಶೆಡ್ ಕಟ್ಟಸ್ರಿ ಸಾಹೇಬ್ರ, ಬ್ಯಾಡ ಅನ್ನೂದಿಲ್ಲ. ಮದಲ ನಿಮ್ಮ ಗಾಡಿ ಒಯ್ದ ಅದರಾಗ ನಿಂದರಸ್ರಿ."